ಓದುಗರ ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನದ ಒಳ್ಳೆಯ ಸಾಮಗ್ರಿ ಯಾವುದು?

ಪ್ರಶ್ನೆ: ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಪಠ್ಯಪುಸ್ತಕದಲ್ಲಿ ಇರುವುದಕ್ಕಿಂತ ಹೆಚ್ಚಿನದನ್ನು ತಿಳಿಯಬೇಕೆಂಬ ಆಸೆ ಅವಳಿಗಿದೆ. ಅಂತರಜಾಲದಲ್ಲಿ ಒಂದೊಂದು ಪಾಠಕ್ಕೂ ನೂರಾರು ವಿಡಿಯೊಗಳು ಸಿಗುತ್ತವೆ, ಆದರೆ ನಾನು ವಿಜ್ಞಾನ ಓದಿದವಳಲ್ಲವಾದ್ದರಿಂದ ಯಾವುದು ಸರಿ, ಯಾವುದು ತಪ್ಪು ಎಂದು ನನಗೆ ತಿಳಿಯುವುದಿಲ್ಲ. ಎರಡು ತಿಂಗಳಿನಿಂದ ದಿನಕ್ಕೊಂದು ಗಂಟೆ ವಿಡಿಯೊ ನೋಡಿದರೂ ಅವಳ ತಲೆಯಲ್ಲಿ ಉಳಿದದ್ದು ಬಹಳ ಕಡಿಮೆ. ನಂಬಿ ಬಳಸಬಹುದಾದ ಸಾಮಗ್ರಿ ಯಾವುದು? ಪ್ರಯೋಗದ ಕಿಟ್ ಕೊಡಿಸಬೇಕೇ?

ಉತ್ತರ: ಎರಡು ತಿಂಗಳು ನೋಡಿದ್ದು ತಲೆಯಲ್ಲಿ ಉಳಿಯದಿದ್ದರೆ ಅದಕ್ಕಾಗಿ ಮಗಳನ್ನು ದೂರಬೇಡಿ. ಬೇರೆಯವರು ಮಾಡಿ ತೋರಿಸಿದ್ದನ್ನು ಕುಳಿತು ನೋಡುವಾಗ ಎಲ್ಲವೂ ಅರ್ಥವಾದಂತೆ ತೋರುತ್ತದೆ, ಮರುದಿನ ಅದನ್ನೇ ಹೇಳಲು ಹೊರಟರೆ ಮಾತು ಹೊರಡುವುದಿಲ್ಲ. ಹಲವು ವರ್ಷ ಪಾಠ ಮಾಡಿದ ಮೇಲೆ ನಾನು ಸಾಮಗ್ರಿಯನ್ನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಇದನ್ನು ತೆರೆದ ಹತ್ತು ನಿಮಿಷದೊಳಗೆ ವಿದ್ಯಾರ್ಥಿಯ ನೋಟ್ ಪುಸ್ತಕದಲ್ಲಿ ಒಂದು ಅಳತೆಯೋ, ಒಂದು ಚಿತ್ರವೋ, ಒಂದು ಊಹೆಯೋ ಮೂಡುತ್ತದೆಯೇ?

ಲೋಲಕದ ಪಾಠವನ್ನೇ ತೆಗೆದುಕೊಳ್ಳಿ. ಒಂದು ದಾರಕ್ಕೆ ಸಣ್ಣ ಕಲ್ಲು ಕಟ್ಟಿ, ತೂಗುಹಾಕಿದ ಬಿಂದುವಿನಿಂದ ಕಲ್ಲಿನ ನಡುವಿನವರೆಗೆ ಸರಿಯಾಗಿ 1 ಮೀಟರ್ ಇರುವಂತೆ ಮಾಡಿ, ಸ್ವಲ್ಪವೇ ಪಕ್ಕಕ್ಕೆಳೆದು ಬಿಟ್ಟರೆ ಹತ್ತು ಆಂದೋಲನಗಳಿಗೆ (ಒಮ್ಮೆ ಹೋಗಿ ಮರಳಿ ಬಂದರೆ ಒಂದು ಆಂದೋಲನ) ಸುಮಾರು 20 ಸೆಕೆಂಡು ಬೇಕಾಗುತ್ತದೆ. ತರಗತಿಯಲ್ಲಿ ಹಲವರಿಗೆ 18 ಬರುತ್ತಿತ್ತು. ಪಕ್ಕದಲ್ಲಿ ನಿಂತು ಕೇಳಿಸಿಕೊಂಡಾಗ ಕಾರಣ ತಿಳಿಯಿತು: ಅವರು ಕಲ್ಲನ್ನು ಬಿಡುವ ಕ್ಷಣದಲ್ಲಿಯೇ ‘ಒಂದು’ ಎನ್ನುತ್ತಿದ್ದರು, ಹೀಗಾಗಿ ‘ಹತ್ತು’ ಎನ್ನುವಷ್ಟರಲ್ಲಿ ಒಂಬತ್ತು ಆಂದೋಲನಗಳಷ್ಟೇ ಮುಗಿದಿರುತ್ತಿದ್ದವು. ಬಿಡುವಾಗ ‘ಸೊನ್ನೆ’ ಎನ್ನಬೇಕೆಂದು ಒಮ್ಮೆ ಕೈಯಾರೆ ತಿಳಿದುಕೊಂಡ ಹುಡುಗಿ ಮುಂದೆ ಯಾವ ಅಳತೆಯಲ್ಲಿಯೂ ಆ ತಪ್ಪು ಮಾಡುವುದಿಲ್ಲ. ಆಮೇಲೆ ದಾರವನ್ನು 25 ಸೆಂಟಿಮೀಟರಿಗೆ ಇಳಿಸಿದರೆ ಕಾಲವೂ ಕಾಲುಭಾಗವಾಗುವುದೇ ಎಂದು ಕೇಳಿ, ಉತ್ತರವನ್ನು ಮೊದಲು ಬರೆಸಿ, ಬಳಿಕ ಅಳೆಯಲು ಹೇಳಿ. ಕಾಲ ಅರ್ಧಕ್ಕೆ, ಅಂದರೆ 10 ಸೆಕೆಂಡಿಗೆ ಮಾತ್ರ ಇಳಿಯುವುದನ್ನು ಕಂಡಾಗ ಸೂತ್ರದಲ್ಲಿರುವ ವರ್ಗಮೂಲಕ್ಕೆ ಅರ್ಥ ಬರುತ್ತದೆ.

ಇಷ್ಟು ಮಾಡಿದ ಮೇಲೆ ಕಂಪ್ಯೂಟರ್ ತೆರೆಯಲಿ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ‘ಫೆಟ್’ ಎಂಬ ಉಚಿತ ಸಿಮ್ಯುಲೇಶನ್‌ಗಳ, ಅಂದರೆ ಪರದೆಯ ಮೇಲೆ ನಾವೇ ಬದಲಿಸಿ ನೋಡಬಹುದಾದ ಅಣಕು ಪ್ರಯೋಗಗಳ, ಸಂಗ್ರಹವನ್ನು ನಾನು ಎಲ್ಲಕ್ಕಿಂತ ಮೊದಲು ಹೇಳುತ್ತೇನೆ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು ಮರುವರ್ಷ ಇದನ್ನು ಆರಂಭಿಸಿದರು. ಅದರಲ್ಲಿರುವ ಲೋಲಕವನ್ನು ಚಂದ್ರನಿಗೆ ಒಯ್ದರೆ ಅದೇ 1 ಮೀಟರ್ ಉದ್ದಕ್ಕೆ ಹತ್ತು ಆಂದೋಲನಗಳು ಸುಮಾರು 49 ಸೆಕೆಂಡು ತೆಗೆದುಕೊಳ್ಳುತ್ತವೆ. ಹೆಸರಿಲ್ಲದ ಒಂದು ಗ್ರಹವೂ ಅಲ್ಲಿದೆ, ಅದರ ಗುರುತ್ವವೆಷ್ಟೆಂದು ಲೋಲಕದಿಂದಲೇ ಕಂಡುಹಿಡಿಯಬೇಕು. ಈ ಕೆಲಸಕ್ಕೆ ಮಗಳನ್ನು ಅರ್ಧ ದಿನ ಬಿಟ್ಟುಬಿಡಿ. ವಿದ್ಯುತ್ ಮಂಡಲ, ಬೆಳಕಿನ ವಕ್ರೀಭವನ, ಪರಮಾಣುವಿನ ರಚನೆ, ಆಮ್ಲ ಮತ್ತು ಪ್ರತ್ಯಾಮ್ಲ ಮೊದಲಾದ ಪಾಠಗಳಿಗೂ ಇಂಥವು ಇವೆ. ಆದರೆ ಕೈಯಿಂದ ದಾರ ಕಟ್ಟದೆ ನೇರವಾಗಿ ಪರದೆಗೆ ಹೋದರೆ ಅದು ಆಟವಾಗಿಯೇ ಉಳಿದುಬಿಡುತ್ತದೆ ಎಂಬುದು ನನ್ನ ಅನುಭವ.

ಇನ್ನು ಸರಿ ತಪ್ಪಿನ ವಿಚಾರ. ವಿಜ್ಞಾನ ಓದದವರೂ ಮಾಡಬಹುದಾದ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಉರಿಯುವ ಮೇಣದಬತ್ತಿ ನಿಲ್ಲಿಸಿ, ಅದರ ಮೇಲೆ ಗಾಜಿನ ಲೋಟ ಕವುಚುವ ಪ್ರಯೋಗವನ್ನು ನೀವು ಅನೇಕ ವಿಡಿಯೊಗಳಲ್ಲಿ ನೋಡಿರಬಹುದು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ, ‘ಗಾಳಿಯ ಐದನೆಯ ಒಂದು ಭಾಗದಷ್ಟಿದ್ದ ಆಮ್ಲಜನಕ ಮುಗಿದುಹೋಯಿತು, ಅದರ ಜಾಗಕ್ಕೆ ನೀರು ಬಂತು’ ಎಂದು ನಿರೂಪಕರು ಹೇಳುತ್ತಾರೆ. ಇದನ್ನು ನೀವೂ ಮಗಳೂ ಕೂಡಿ ಮಾಡಿ, ಕಣ್ಣು ಕೀಳದೆ ನೋಡಿ. ಲೋಟ ಕವುಚುವಾಗ ಅಂಚಿನಿಂದ ಗುಳ್ಳೆಗಳು ಹೊರಬರುವುದುಂಟು. ಬತ್ತಿ ಚೆನ್ನಾಗಿ ಉರಿಯುತ್ತಿರುವಷ್ಟು ಹೊತ್ತು ನೀರು ಹೆಚ್ಚಾಗಿ ಏರುವುದಿಲ್ಲ. ಜ್ವಾಲೆ ಸಣ್ಣದಾಗಿ ಆರುತ್ತಿದ್ದಂತೆ ಸರ್ರನೆ ಏರುತ್ತದೆ. ಒಂದು ಬತ್ತಿಯ ಬದಲು ಮೂರು ಇಟ್ಟರೆ ನೀರು ಇನ್ನೂ ಮೇಲಕ್ಕೆ ಹೋಗುತ್ತದೆ. ಆಮ್ಲಜನಕವೊಂದೇ ಕಾರಣವಾಗಿದ್ದರೆ ಮೂರು ಬತ್ತಿಗೂ ನೀರು ಅಷ್ಟೇ ಏರಬೇಕಿತ್ತಲ್ಲವೇ? ಮುಖ್ಯ ಕಾರಣ ಶಾಖ: ಬಿಸಿಯಾಗಿ ಹಿಗ್ಗಿದ ಗಾಳಿಯ ಒಂದಷ್ಟು ಭಾಗ ಹೊರಹೋಗಿ, ಉಳಿದದ್ದು ತಣಿದು ಕುಗ್ಗಿದಾಗ ಹೊರಗಿನ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಬತ್ತಿ ಆರಿದಾಗಲೂ ಲೋಟದೊಳಗೆ ಆಮ್ಲಜನಕದ ಬಹುಭಾಗ ಉಳಿದೇ ಇರುತ್ತದೆ.

ಒಂದು ವಿಡಿಯೊ ಈ ಹಳೆಯ ವಿವರಣೆಯನ್ನೇ ಕೊಡುತ್ತಿದ್ದರೆ ಅದರ ಉಳಿದ ಪಾಠಗಳನ್ನೂ ಎಚ್ಚರಿಕೆಯಿಂದ ನೋಡಬೇಕು. ಋತುಗಳ ಪಾಠವೂ ಇಂಥದೇ ಒರೆಗಲ್ಲು. ಭೂಮಿ ಸೂರ್ಯನಿಗೆ ಹತ್ತಿರವಾದಾಗ ಬೇಸಿಗೆ ಎಂದು ಹೇಳುವ ಸಾಮಗ್ರಿಯನ್ನು ಬದಿಗಿಡಿ, ಏಕೆಂದರೆ ಭೂಮಿ ಸೂರ್ಯನಿಗೆ ಅತ್ಯಂತ ಸಮೀಪವಾಗುವುದು, ಅಂದರೆ ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿರುವುದು, ಜನವರಿ ಆರಂಭದಲ್ಲಿ. ಆಗ ಉತ್ತರಾರ್ಧಗೋಳದಲ್ಲಿ ಚಳಿಗಾಲ.

ನಂಬಿಕೆಗೆ ಯೋಗ್ಯವಾದ ಇನ್ನು ಕೆಲವನ್ನು ಹೇಳುವುದಾದರೆ, ಆಕಾಶಕ್ಕೆ ‘ಸ್ಟೆಲೇರಿಯಂ’ ಎಂಬ ಉಚಿತ ತಂತ್ರಾಂಶವಿದೆ. ಮೂಲವಸ್ತುಗಳಿಗೆ ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2008ರಿಂದ ಮಾಡಿರುವ ವಿಡಿಯೊಗಳಿವೆ, 118ಕ್ಕೆ 118 ಧಾತುಗಳಿಗೂ ಒಂದೊಂದು. ಫೋನಿನಲ್ಲಿರುವ ಸಂವೇದಕಗಳಿಂದ ಶಬ್ದವನ್ನೂ ವೇಗೋತ್ಕರ್ಷವನ್ನೂ ಅಳೆಯಲು ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ ‘ಫೈಫಾಕ್ಸ್’ ಎಂಬ ಆ್ಯಪ್ ಇದೆ. ಇವುಗಳನ್ನು ಮಾಡಿದವರು ಯಾರೆಂಬುದು ಬಹಿರಂಗವಾಗಿದೆ, ತಪ್ಪಿದ್ದರೆ ಕೇಳಲು ಒಂದು ವಿಳಾಸವಿದೆ.

ಕಿಟ್ ಕೊಳ್ಳುವ ಆತುರ ಬೇಡ. ಅಳತೆಪಟ್ಟಿ, ಉಷ್ಣಮಾಪಕ, ಭೂತಗನ್ನಡಿ, ಒಂದು ಗಟ್ಟಿ ನೋಟ್ ಪುಸ್ತಕ ಇಷ್ಟರಿಂದ ಒಂದು ವರ್ಷ ಕಳೆಯಬಹುದು. ಮೈಕೆಲ್ ಫ್ಯಾರಡೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕಲಿಯುವ ಹುಡುಗನಾಗಿದ್ದಾಗ, ತನ್ನ ಕೈಗೆ ಬಂದ ಪುಸ್ತಕಗಳಲ್ಲಿ ಓದಿದ್ದನ್ನು ತನ್ನ ಶಕ್ತಿಗೆ ಎಟಕುವ ಸಣ್ಣ ಪ್ರಯೋಗಗಳಿಂದ ಪರೀಕ್ಷಿಸಿ ನೋಡುತ್ತಿದ್ದರು. ಮುಂದೆ ಅವರೇ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್‌ನಲ್ಲಿ ಒಂದು ಮೇಣದಬತ್ತಿಯನ್ನೇ ಹಿಡಿದು ಮಕ್ಕಳಿಗೆ ಉಪನ್ಯಾಸಮಾಲೆ ಕೊಟ್ಟರು. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ: ಸ್ನಾನಗೃಹ ತೊಳೆಯುವ ಆಮ್ಲವನ್ನೂ ಬ್ಲೀಚನ್ನೂ ಬೆರೆಸಿ ‘ನೋಡುವ’ ಪ್ರಯೋಗ ಎಂದೂ ಕೂಡದು, ಅದರಿಂದ ಕ್ಲೋರಿನ್ ಎಂಬ ವಿಷಾನಿಲ ಹೊರಬರುತ್ತದೆ.

ಪ್ರಶ್ನೆ: ನಾನು ಹತ್ತನೆಯ ತರಗತಿಯನ್ನು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದೇನೆ. ಒಳ್ಳೆಯ ಸಾಮಗ್ರಿ ಇಂಗ್ಲಿಷಿನಲ್ಲಿಯೇ ಹೆಚ್ಚಾಗಿದೆ, ಪದಗಳು ತೊಡಕಾಗುತ್ತವೆ. ಏನು ಮಾಡಲಿ?

ಉತ್ತರ: ನೋಟ್ ಪುಸ್ತಕದ ಕೊನೆಯ ಇಪ್ಪತ್ತು ಪುಟಗಳನ್ನು ಪದಗಳಿಗೆಂದೇ ಇಟ್ಟುಕೊಳ್ಳಿ, ಆದರೆ ಪದದ ಎದುರು ಇನ್ನೊಂದು ಪದವನ್ನಷ್ಟೇ ಬರೆದು ಬಿಡಬೇಡಿ, ಒಂದು ಉದಾಹರಣೆಯನ್ನೂ ಬರೆಯಿರಿ. ಮಾತಿನಲ್ಲಿ ನಾವು ಎಲ್ಲವನ್ನೂ ‘ವೇಗ’ ಎನ್ನುತ್ತೇವೆ. ಪಾಠದಲ್ಲಿ ಸ್ಪೀಡ್ ಎಂದರೆ ಜವ, ದಿಕ್ಕೂ ಸೇರಿದ ವೆಲಾಸಿಟಿ ಎಂದರೆ ವೇಗ. ತಿರುವಿನಲ್ಲಿ ಒಂದೇ ಜವದಲ್ಲಿ ಸಾಗುವ ಸೈಕಲ್ಲಿನ ವೇಗ ಬದಲಾಗುತ್ತಲೇ ಇರುತ್ತದೆ ಎಂಬ ಒಂದು ಸಾಲು ಬರೆದುಕೊಂಡರೆ ಎರಡೂ ಭಾಷೆಯ ಪದಗಳು ತಿಳಿಯಾಗುತ್ತವೆ. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರಕ್ಕೂ, ತೂಕ ಮತ್ತು ದ್ರವ್ಯರಾಶಿ ಎಂಬ ಎರಡಕ್ಕೂ ಹೀಗೆಯೇ ಮಾಡಿ. ಈ ಗೊಂದಲ ಕನ್ನಡದಲ್ಲಿ ಓದುವವರಿಗೆ ಮಾತ್ರ ಇರುವುದಲ್ಲ. ಇಂಗ್ಲಿಷಿನಲ್ಲಿ ಓದುವ ಮಕ್ಕಳೂ ಫೋರ್ಸ್ ಮತ್ತು ಎನರ್ಜಿಗಳ ನಡುವೆ ಎಡವುತ್ತಾರೆ. ವಿಡಿಯೊವನ್ನು ಮೊದಲ ಸಲ ಶಬ್ದವಿಲ್ಲದೆ ನೋಡಿ, ಏನಾಗುತ್ತಿದೆ ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಎರಡನೆಯ ಸಲ ಮಾತನ್ನು ಕೇಳಿ.

ಪ್ರಶ್ನೆ: ನಾನು ವಿಜ್ಞಾನ ಶಿಕ್ಷಕ. ತರಗತಿಯಲ್ಲಿ ನಲವತ್ತು ಮಕ್ಕಳು, ಇರುವುದು ಒಂದೇ ಕಂಪ್ಯೂಟರ್, ಅಂತರಜಾಲವೂ ಬಂದು ಹೋಗುತ್ತಿರುತ್ತದೆ. ಸಿಮ್ಯುಲೇಶನ್ ಬಳಸುವುದು ಹೇಗೆ?

ಉತ್ತರ: ಫೆಟ್‌ನ ಹೆಚ್ಚಿನ ಸಿಮ್ಯುಲೇಶನ್‌ಗಳನ್ನು ಮೊದಲೇ ಇಳಿಸಿಟ್ಟುಕೊಂಡರೆ ಅಂತರಜಾಲವಿಲ್ಲದೆಯೂ ನಡೆಯುತ್ತವೆ. ಒಂದೇ ಪರದೆ ಇರುವುದನ್ನು ನಾನು ದೊಡ್ಡ ಕೊರತೆಯೆಂದು ಎಣಿಸುವುದಿಲ್ಲ. ಮಂಡಲದ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಸ್ವಿಚ್ ಹಾಕುವ ಮೊದಲು ನಿಲ್ಲಿಸಿ, ‘ಸರಣಿಯಲ್ಲಿರುವ ಎರಡು ಬಲ್ಬುಗಳಲ್ಲಿ ಒಂದನ್ನು ತೆಗೆದರೆ ಇನ್ನೊಂದು ಏನಾಗುತ್ತದೆ? ಸಮಾಂತರದಲ್ಲಿದ್ದರೆ?’ ಎಂದು ಕೇಳಿ ಪ್ರತಿಯೊಬ್ಬರಿಂದಲೂ ಬರೆಸಿ. ಬರೆಯದವರು ಒಬ್ಬರೂ ಉಳಿಯದಿರಲಿ. ಪಕ್ಕದವರೊಡನೆ ಎರಡು ನಿಮಿಷ ವಾದಿಸಲು ಬಿಟ್ಟು, ಉತ್ತರ ಬದಲಿಸಿದವರು ಏಕೆ ಬದಲಿಸಿದರೆಂದು ಕೇಳಿ, ಅನಂತರ ಹಿಂದಿನ ಬೆಂಚಿನಿಂದ ಒಬ್ಬರನ್ನು ಕರೆದು ಬಲ್ಬನ್ನು ಅವರ ಕೈಯಿಂದಲೇ ತೆಗೆಸಿ.