ಲೈಸೆನ್ಸ್ ಬಂದ ಮೊದಲ ವರ್ಷ: ಬಾಡಿಗೆಯೋ, ಪಾಲೋ?

ಪೈಲಟ್ ಲೈಸೆನ್ಸ್ ಈಗಷ್ಟೇ ಕೈಗೆ ಬಂದಿದೆ, ವರ್ಷಕ್ಕೆ 40 ಗಂಟೆ ಹಾರುವ ಆಸೆ, ಇನ್ನೂ ಮೂವರ ಜೊತೆ ಸೇರಿ ಸೆಸ್ನಾ 172 ಅನ್ನೋ ನಾಲ್ಕು ಸೀಟಿನ ಸಣ್ಣ ವಿಮಾನದಲ್ಲಿ ಪಾಲು ತಗೊಳ್ಳಲಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ, ಮೊದಲ ವರ್ಷ ಬಾಡಿಗೆಯಲ್ಲೇ ಹಾರಿ. 40 ಗಂಟೆ ಅನ್ನೋದು ಆಸೆ. ಲಾಗ್‌ಬುಕ್‌ಗೆ ಎಷ್ಟು ಏರುತ್ತದೆ ಅನ್ನೋದು ಬೇರೆ ಲೆಕ್ಕ, ಅಲ್ವಾ? ಬಾಡಿಗೆಯಾದರೆ ಹಾರದ ತಿಂಗಳಿಗೆ ಸಾಮಾನ್ಯವಾಗಿ ದುಡ್ಡು ಕೊಡಬೇಕಿಲ್ಲ. ಪಾಲಿನಲ್ಲಿ ಹ್ಯಾಂಗರ್, ವಿಮೆ, ವಾರ್ಷಿಕ ತಪಾಸಣೆ ಎಲ್ಲವನ್ನೂ ವಿಮಾನ ನಿಂತಿದ್ದರೂ ಕಟ್ಟಬೇಕು.

ಪಾಲಿನ ಸುಖವೇ ಬೇರೆ, ಸುಳ್ಳು ಹೇಳುವುದಿಲ್ಲ. ಎರಡು ದಿನ ಬೇರೆ ಊರಲ್ಲಿ ನಿಲ್ಲಿಸಿದರೂ, ಬಾಡಿಗೆ ಕೊಡುವವರು ಕೇಳುವ ಹಾಗೆ ಇಷ್ಟು ಗಂಟೆ ಹಾರಲೇಬೇಕು ಅಂತ ಕೇಳುವವರಿಲ್ಲ.

ಪಾಲಿಗೇ ಹೋಗುವುದಾದರೆ ಮೊದಲು ಇಂಜಿನ್ ಲಾಗ್‌ಬುಕ್ ತೆರೆದು ನೋಡಿ. ಬಹುತೇಕ 172ಗಳ ಲೈಕಮಿಂಗ್ ಇಂಜಿನ್‌ಗೆ ಓವರ್‌ಹಾಲ್ (ಪೂರ್ತಿ ಬಿಚ್ಚಿ ರಿಪೇರಿ ಮಾಡಿ ಜೋಡಿಸುವುದು) ಅವಧಿ ಸುಮಾರು 2000 ಗಂಟೆ. 1800 ಗಂಟೆ ಓಡಿದ್ದು, ಇಂಜಿನ್‌ಗೆಂದು ಎತ್ತಿಟ್ಟ ದುಡ್ಡು ಏನೂ ಇಲ್ಲದಿದ್ದರೆ ಆ ಬಿಲ್ ನಿಮ್ಮ ತಲೆಗೂ ಬರುತ್ತದೆ. ಕಡಿಮೆ ಓಡಿದೆ ಅಂತ ಖುಷಿಪಡಬೇಡಿ. ತಿಂಗಳುಗಟ್ಟಲೆ ಸುಮ್ನೆ ನಿಂತ ಇಂಜಿನ್‌ನ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಸುವ ದಂಡ) ಒಳಗೊಳಗೇ ತುಕ್ಕು ಹಿಡಿದಿರಬಹುದು. ಪಾಲು ಬಿಟ್ಟು ಹೊರಬರುವುದು ಹೇಗೆ ಅನ್ನೋದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಬೇಡ.