ನೀವು ಕೇಳಿದಿರಿ: ಕ್ಯಾಸೆಟ್ ಬಂತು, ಸಂಘ ಹುಟ್ಟಿತು

ಪ್ರಶ್ನೆ: ನಾನು ಡಿಗ್ರಿ ಓದುತ್ತಿದ್ದೇನೆ, ಅನಿಮೆ, ಅಂದರೆ ಜಪಾನಿ ಕಾರ್ಟೂನ್, ನನಗೆ ಪ್ರಾಣ. ಅಮೆರಿಕದಲ್ಲಿ 1970ರ ದಶಕದಲ್ಲೇ ಅನಿಮೆ ಅಭಿಮಾನಿ ಸಂಘಗಳಿದ್ದವು ಎಂದು ಕಳೆದ ಸಂಚಿಕೆಯಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿರಿ. ಇಂಟರ್ನೆಟ್ ಇಲ್ಲ, ಜಪಾನಿ ಭಾಷೆ ಬಾರದು. ಅವರು ಏನನ್ನು ನೋಡುತ್ತಿದ್ದರು, ಹೇಗೆ ನೋಡುತ್ತಿದ್ದರು? – ಓದುಗಳು

ಉತ್ತರ: ಒಟ್ಟಿಗೆ ಕೂತು ನೋಡುತ್ತಿದ್ದರು, ಬೇರೆ ದಾರಿಯೇ ಇರಲಿಲ್ಲ. ಇವತ್ತು ಸಂಘಕ್ಕೆ ಮನಸ್ಸಿದ್ದರೆ ಸೇರಬಹುದು, ಇಲ್ಲದಿದ್ದರೆ ಇಲ್ಲ. ಅಂದು ಸಂಘ ಇಲ್ಲವೆಂದರೆ ಅನಿಮೆಯೂ ಇಲ್ಲ. ಆ ಜನರನ್ನು ‘ಮೊದಲ ಅಭಿಮಾನಿಗಳು’ ಎಂದಷ್ಟೇ ಕರೆದು ಸುಮ್ಮನಾಗುವುದು ನನಗೆ ಅನ್ಯಾಯವೆನಿಸುತ್ತದೆ. ಹಂಚುವವರು, ಅನುವಾದಿಸುವವರು, ದಾಖಲೆ ಕಾಪಾಡುವವರು ಎಲ್ಲ ಅವರೇ. ಯಾರಿಗೂ ಒಂದು ಡಾಲರ್ ಸಂಬಳವಿರಲಿಲ್ಲ.

ಜಪಾನಿ ಕಾರ್ಟೂನ್ ಅಮೆರಿಕಕ್ಕೆ ಆಗಲೇ ಬಂದಿತ್ತು ನಿಜ. ಜಪಾನಿನ ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ 1963ರಲ್ಲಿ, ‘ಸ್ಪೀಡ್ ರೇಸರ್’ 1967ರಲ್ಲಿ ಅಲ್ಲಿನ ಟಿ.ವಿ.ಯಲ್ಲಿ ಓಡಿದವು. ಆದರೆ ಇಂಗ್ಲಿಷ್ ಡಬ್ಬಿಂಗ್ ಮಾಡಿ, ಪಾತ್ರಗಳ ಹೆಸರು ಬದಲಿಸಿ ತೋರಿಸುತ್ತಿದ್ದರು. ಇವು ಜಪಾನಿನವು ಅಂತ ಎಷ್ಟೋ ಮಕ್ಕಳಿಗೆ ಗೊತ್ತೇ ಆಗಲಿಲ್ಲ. 1976ರ ಸುಮಾರಿಗೆ ಲಾಸ್ ಏಂಜಲೀಸ್‌ನಲ್ಲಿ, ಅಲ್ಲಿನ ಜಪಾನಿ ಕುಟುಂಬಗಳಿಗೆಂದು ನಡೆಯುತ್ತಿದ್ದ ಟಿ.ವಿ. ಪ್ರಸಾರದಲ್ಲಿ ದೈತ್ಯ ರೋಬಾಟ್‌ಗಳ ಧಾರಾವಾಹಿಗಳು ಮೂಲ ಧ್ವನಿಯಲ್ಲೇ, ಇಂಗ್ಲಿಷ್ ಸಬ್‌ಟೈಟಲ್ ಸಮೇತ ಬರತೊಡಗಿದವು. ಊರಿನ ವಿಜ್ಞಾನ ಕಥಾಪ್ರಿಯರ ಕಣ್ಣಿಗೆ ಅವು ಬಿದ್ದವು. ವೀರ ಸಾಯುತ್ತಾನೆ, ಶತ್ರುವಿಗೂ ಒಂದು ದುಃಖ ಇದೆ, ಕಥೆ ವಾರದಿಂದ ವಾರಕ್ಕೆ ಮುಂದುವರಿಯುತ್ತದೆ! ಅಮೆರಿಕದ ಶನಿವಾರದ ಕಾರ್ಟೂನುಗಳಲ್ಲಿ ಇದ್ಯಾವುದೂ ಇರುತ್ತಿರಲಿಲ್ಲ.

ಅದೇ ಹೊತ್ತಿಗೆ ವಿಡಿಯೊ ರೆಕಾರ್ಡರ್ ಮನೆಗೆ ಬಂತು. ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ, ವಿಎಚ್ಎಸ್ ಅಮೆರಿಕಕ್ಕೆ 1977ರಲ್ಲಿ. ಒಂದೊಂದು ಯಂತ್ರಕ್ಕೆ ಸಾವಿರ ಡಾಲರ್ ಆಸುಪಾಸು. ಹತ್ತು ಜನರಲ್ಲಿ ಒಬ್ಬರ ಬಳಿ ಇದ್ದರೆ ಹೆಚ್ಚು, ಮಿಕ್ಕವರು ಅವರ ಮನೆಗೆ ಹೋಗಬೇಕು. 1977ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಕಾರ್ಟೂನ್/ಫ್ಯಾಂಟಸಿ ಆರ್ಗನೈಸೇಷನ್’ ಶುರುವಾದದ್ದು ಈ ಹಿನ್ನೆಲೆಯಲ್ಲಿ. ಕಟ್ಟಿದವರಲ್ಲಿ ಮುಖ್ಯರು ಫ್ರೆಡ್ ಪ್ಯಾಟನ್, ವೃತ್ತಿಯಿಂದ ಲೈಬ್ರರಿಯನ್. ತಿಂಗಳಿಗೊಮ್ಮೆ ಸೇರುವುದು, ಯಾರು ಏನು ರೆಕಾರ್ಡ್ ಮಾಡಿದ್ದಾರೋ ಅದನ್ನು ನೋಡುವುದು. ಮುಂದೆ ಬೇರೆ ಬೇರೆ ನಗರಗಳಲ್ಲಿ ಅದಕ್ಕೆ ಶಾಖೆಗಳು ಹುಟ್ಟಿಕೊಂಡವು.

ಇನ್ನೊಂದು ಅದೃಷ್ಟವನ್ನು ಮರೆಯಬಾರದು. ಜಪಾನ್ ಮತ್ತು ಅಮೆರಿಕ ಎರಡೂ ಬಳಸುತ್ತಿದ್ದ ಟಿ.ವಿ. ಪದ್ಧತಿ ಒಂದೇ, ಎನ್‌ಟಿಎಸ್‌ಸಿ. ಟೋಕಿಯೊದಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟನ್ನು ಲಾಸ್ ಏಂಜಲೀಸ್‌ನ ಯಂತ್ರಕ್ಕೆ ಹಾಕಿದರೆ ಓಡುತ್ತಿತ್ತು. ಯುರೋಪಿನ ಬಹುಪಾಲು ದೇಶಗಳಲ್ಲಿ ಪಾಲ್ ಅಥವಾ ಸೆಕಾಮ್ ಪದ್ಧತಿ, ಅಲ್ಲಿನವರಿಗೆ ಆ ಸುಖ ಇರಲಿಲ್ಲ. ಹೀಗಾಗಿ ಅಮೆರಿಕದವರು ಜಪಾನಿನಲ್ಲಿ ಪತ್ರಮಿತ್ರರನ್ನು ಹುಡುಕಿಕೊಂಡರು. ಅಮೆರಿಕದಿಂದ ‘ಸ್ಟಾರ್ ಟ್ರೆಕ್’ ಕ್ಯಾಸೆಟ್ ಹೋಗುತ್ತಿತ್ತು, ಜಪಾನಿನಿಂದ ರೋಬಾಟ್ ಧಾರಾವಾಹಿ ಬರುತ್ತಿತ್ತು. ಎರಡೂ ಕಡೆಯವರಿಗೆ ಇನ್ನೊಬ್ಬರ ಟಿ.ವಿ. ಮೇಲೆ ಆಸೆ.

ಭಾಷೆಯ ಗತಿ ಏನು ಎಂದು ಕೇಳಿದ್ದೀರಿ. ಎಂಬತ್ತರ ದಶಕದಲ್ಲಿ ನಾನು ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದಾಗ ಕಾಲೇಜಿನ ಒಂದು ಸಂಘದ ಪ್ರದರ್ಶನಕ್ಕೆ ಹೋಗುತ್ತಿದ್ದೆ. ಖಾಲಿ ತರಗತಿ ಕೋಣೆ, ಚಕ್ರದ ಸ್ಟ್ಯಾಂಡಿನ ಮೇಲೆ ಟಿ.ವಿ. ಬಾಗಿಲಲ್ಲೇ ಪಿನ್ ಹೊಡೆದ ಜೆರಾಕ್ಸ್ ಹಾಳೆಗಳನ್ನು ಕೈಗಿಡುತ್ತಿದ್ದರು. ಯಾರು ಯಾರ ಮಗ, ಯಾವ ಗ್ರಹದವರು ಯಾರ ಮೇಲೆ ಯುದ್ಧ ಸಾರಿದ್ದಾರೆ, ಇವತ್ತಿನ ಕಂತಿನಲ್ಲಿ ಏನಾಗುತ್ತದೆ, ಎಲ್ಲ ಅದರಲ್ಲಿ ಟೈಪ್ ಮಾಡಿರುತ್ತಿತ್ತು. ದೀಪ ಆರಿಸುವುದರೊಳಗೆ ಓದಿಕೊಳ್ಳಬೇಕು. ಜಪಾನಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಟಿ.ವಿ. ಪಕ್ಕದಲ್ಲಿ ನಿಂತು, ಕಷ್ಟದ ಮಾತು ಬಂದಾಗ ಚಿತ್ರ ತಡೆಯುವ ಪಾಜ್ ಗುಂಡಿ ಒತ್ತಿ, ಅರ್ಥ ಹೇಳಿ ಮತ್ತೆ ಬಿಡುತ್ತಿದ್ದಳು. ಪಾಜ್ ಒತ್ತಿದೊಡನೆ ಪರದೆ ನಡುಗಿ ಅಡ್ಡಗೆರೆ ಮೂಡುತ್ತಿತ್ತು, ಪಾತ್ರದ ಮುಖ ಅರ್ಧಕ್ಕೆ ಕತ್ತರಿಸಿದಂತೆ ನಿಲ್ಲುತ್ತಿತ್ತು. ಯಾರೂ ಗೊಣಗುತ್ತಿರಲಿಲ್ಲ. ಅರ್ಥವಾಗದ ಭಾಷೆಯಲ್ಲಿ ಕಥೆ ನೋಡಿದರೆ ಕಣ್ಣು ಎಷ್ಟು ಚುರುಕಾಗುತ್ತದೆ ಎಂದು ನನಗೆ ತಿಳಿದದ್ದು ಆ ಕೋಣೆಯಲ್ಲಿ. ಬಣ್ಣ, ಮೌನ, ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದನ್ನು ಇವತ್ತಿಗೂ ನಾನು ಮಾತಿಗಿಂತ ಮೊದಲು ಗಮನಿಸುತ್ತೇನೆ.

ಪ್ರಶ್ನೆ: ಒಬ್ಬರ ಕ್ಯಾಸೆಟ್ಟಿನಿಂದ ಇನ್ನೊಬ್ಬರು ಕಾಪಿ ಮಾಡಿಕೊಳ್ಳುವುದು ಕಳ್ಳತನ ಅಲ್ಲವೇ? – ಓದುಗ

ಉತ್ತರ: ಕಾನೂನಿನ ಪ್ರಕಾರ ಅದು ಹಕ್ಕುದಾರರ ಅನುಮತಿ ಇಲ್ಲದ ಪ್ರತಿ, ಇದರಲ್ಲಿ ಮುಚ್ಚುಮರೆ ಬೇಡ. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸೋನಿ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು: ಟಿ.ವಿ. ಕಾರ್ಯಕ್ರಮವನ್ನು ಆಮೇಲೆ ನೋಡಲೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ. ಕಾಪಿ ಮಾಡಿ ಊರೂರಿಗೆ ಹಂಚುವುದಕ್ಕೆ ಆ ರಕ್ಷಣೆ ಇರಲಿಲ್ಲ.

ಆದರೂ ಅವರನ್ನು ಕಳ್ಳರ ಸಾಲಿಗೆ ಸೇರಿಸಲು ನಾನು ಒಪ್ಪುವುದಿಲ್ಲ. ಆ ಕಾಲಕ್ಕೆ ಅಮೆರಿಕದಲ್ಲಿ ಇವನ್ನು ಮಾರುವವರೇ ಇರಲಿಲ್ಲ. ದುಡ್ಡು ಕೊಡುತ್ತೇನೆಂದರೂ ತೆಗೆದುಕೊಳ್ಳುವ ಕೈ ಇಲ್ಲ. ಒಳ್ಳೆಯ ಸಂಘಗಳಲ್ಲಿ ಕಟ್ಟುನಿಟ್ಟು ಇತ್ತು: ಖಾಲಿ ಕ್ಯಾಸೆಟ್ ಮತ್ತು ಅಂಚೆ ಖರ್ಚು ಕಳಿಸಿ, ಲಾಭಕ್ಕೆ ಮಾರುವಂತಿಲ್ಲ. ಎಂಬತ್ತರ ಕೊನೆಯ ಹೊತ್ತಿಗೆ ಅಮಿಗಾ ಕಂಪ್ಯೂಟರ್ ಮತ್ತು, ವಿಡಿಯೊ ಮೇಲೆ ಕಂಪ್ಯೂಟರಿನ ಅಕ್ಷರ ಕೂರಿಸುವ, ಜೆನ್‌ಲಾಕ್ ಎಂಬ ಸಾಧನ ಸೇರಿಸಿ ಅಭಿಮಾನಿಗಳೇ ಸಬ್‌ಟೈಟಲ್ ಹಾಕತೊಡಗಿದರು, ಅದೇ ಫ್ಯಾನ್‌ಸಬ್. ‘ಮಾರಾಟಕ್ಕೂ ಬಾಡಿಗೆಗೂ ಅಲ್ಲ’ ಎಂಬ ಎಚ್ಚರಿಕೆಯನ್ನು ಪರದೆಯ ಮೇಲೇ ಬರೆಯುತ್ತಿದ್ದರು. ಯಾವುದಾದರೂ ಕಂಪನಿ ಹಕ್ಕು ಕೊಂಡಿತೆಂದರೆ ಹಂಚುವುದನ್ನು ನಿಲ್ಲಿಸಬೇಕು ಎಂಬುದು ಅವರೊಳಗಿನ ಕಟ್ಟಳೆ. ಎಲ್ಲರೂ ಪಾಲಿಸಿದರು ಎನ್ನಲಾರೆ. ಮಾರಿ ದುಡ್ಡು ಮಾಡಿದವರೂ ಇದ್ದರು, ಅವರ ಬಗ್ಗೆ ನನಗೆ ಗೌರವವಿಲ್ಲ.

ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹೋದಷ್ಟೂ ಚಿತ್ರ ಸವೆಯುತ್ತದೆ ಎಂಬುದನ್ನೂ ಹೇಳಬೇಕು. ಕೆಂಪು ಬಣ್ಣ ಗೆರೆ ದಾಟಿ ಹರಡುತ್ತದೆ, ಧ್ವನಿಯಲ್ಲಿ ಸುಯ್ ಎಂಬ ಸದ್ದು ಏರುತ್ತದೆ. ನಾಲ್ಕೈದು ಕೈ ದಾಟಿದ ಪ್ರತಿಯಲ್ಲಿ ಮುಖಗಳು ಮಂಜಿನೊಳಗೆ ಇದ್ದಂತೆ. ಹಾಗಾಗಿ ಮೂಲಕ್ಕೆ ಹತ್ತಿರದ ಪ್ರತಿ ಇಟ್ಟುಕೊಂಡವರ ಮಾತಿಗೆ ಸಂಘದಲ್ಲಿ ತೂಕ ಇರುತ್ತಿತ್ತು, ಜಗಳಗಳೂ ಅಲ್ಲಿಂದಲೇ ಹುಟ್ಟುತ್ತಿದ್ದವು.

ಪ್ರಶ್ನೆ: ಜಪಾನಿನಲ್ಲಿ ಅನಿಮೆ ಮೊದಲಿನಿಂದಲೂ ಜನಪ್ರಿಯ. ಅಲ್ಲಿ ಸಂಘದ ಅಗತ್ಯ ಏನಿತ್ತು? – ಓದುಗ

ಉತ್ತರ: ಮಕ್ಕಳ ಕಾರ್ಯಕ್ರಮವಾಗಿ ಜನಪ್ರಿಯ. ದೊಡ್ಡವರು ಗಂಭೀರವಾಗಿ ನೋಡಬಹುದಾದದ್ದು ಎಂಬ ಮಾತನ್ನು ಅಲ್ಲಿಯೂ ಅಭಿಮಾನಿಗಳೇ ಸಾಬೀತು ಮಾಡಬೇಕಾಯಿತು. ‘ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೊ’ ಎಂಬ ಬಾಹ್ಯಾಕಾಶ ಧಾರಾವಾಹಿ 1974ರ ಅಕ್ಟೋಬರಿನಲ್ಲಿ ಶುರುವಾದಾಗ ಅದೇ ಹೊತ್ತಿಗೆ ಇನ್ನೊಂದು ಚಾನೆಲ್‌ನಲ್ಲಿ ‘ಹೈಡಿ’ ಎಂಬ ಜನಪ್ರಿಯ ಮಕ್ಕಳ ಧಾರಾವಾಹಿ ಬರುತ್ತಿತ್ತು. ವೀಕ್ಷಕರು ಸಿಗದೆ ಯಮಾಟೊ 26 ಕಂತಿಗೇ ಮುಗಿಯಿತು. ಮರುಪ್ರಸಾರದಲ್ಲಿ ನೋಡಿದ ಹೈಸ್ಕೂಲು, ಕಾಲೇಜಿನ ಹುಡುಗರು ಸಂಘ ಕಟ್ಟಿ ಅದನ್ನು ಬದುಕಿಸಿದರು. 1977ರ ಆಗಸ್ಟ್‌ನಲ್ಲಿ ಅದೇ ಕಂತುಗಳನ್ನು ಕತ್ತರಿಸಿ ಸಿನಿಮಾ ಮಾಡಿದಾಗ ಥಿಯೇಟರುಗಳ ಮುಂದೆ ಸಾಲು ನಿಂತಿತು. ದೈತ್ಯ ರೋಬಾಟ್‌ಗಳ ಧಾರಾವಾಹಿ ‘ಗುಂಡಾಮ್’ ಕಥೆಯೂ ಹತ್ತಿರ ಹತ್ತಿರ ಇದೇ: 1980ರ ಜನವರಿಯಲ್ಲಿ 43 ಕಂತಿಗೆ ಮೊಟಕುಗೊಂಡದ್ದು, ಮರುಪ್ರಸಾರ ಮತ್ತು ಮಾದರಿ ಆಟಿಕೆಗಳಿಂದ ಮತ್ತೆ ಎದ್ದು ಬಂತು.

ಹುಡುಗರು ಅಂದೆ, ಹುಡುಗಿಯರನ್ನು ಬಿಡುವಂತಿಲ್ಲ. 1975ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ನಡೆದ ಮೊದಲ ಕಾಮಿಕ್ ಮಾರ್ಕೆಟ್‌ಗೆ, ಅಂದರೆ ಅಭಿಮಾನಿಗಳು ತಾವೇ ಅಚ್ಚು ಹಾಕಿದ ಪುಸ್ತಕ ಮಾರುವ ಮೇಳಕ್ಕೆ, ಬಂದದ್ದು 32 ಗುಂಪುಗಳು, ಸುಮಾರು 700 ಜನ. ಅವರಲ್ಲಿ ಬಹುಪಾಲು ಮಾಂಗಾ (ಜಪಾನಿ ಕಾಮಿಕ್ಸ್) ಓದುವ ಶಾಲಾ ಹುಡುಗಿಯರು. ಅಭಿಮಾನಿ ಎಂದರೆ ಹುಡುಗ ಎಂದುಕೊಳ್ಳುವವರಿಗೆ ಈ ಮಾತನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ.

ಪ್ರಶ್ನೆ: ಆ ಕಾಲದ ಸಂಘಗಳ ಕಾಗದಪತ್ರ ಈಗ ಎಲ್ಲಾದರೂ ಉಳಿದಿದೆಯೇ? – ಮೊದಲ ಪ್ರಶ್ನೆ ಕೇಳಿದ ಓದುಗಳೇ

ಉತ್ತರ: ಉಳಿದಿದೆ. ಫ್ರೆಡ್ ಪ್ಯಾಟನ್ ತಾವು ಕೂಡಿಟ್ಟ ಸಂಗ್ರಹವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಲೈಬ್ರರಿಗೆ ಕೊಟ್ಟರು, ಅಲ್ಲಿನ ಈಟನ್ ವಿಜ್ಞಾನ ಕಥಾ ಸಂಗ್ರಹದ ಜೊತೆಗಿದೆ. 2018ರಲ್ಲಿ ಅವರು ತೀರಿಕೊಂಡರು. ಸಂಶೋಧನೆ ಮಾಡುವ ಮನಸ್ಸಿದ್ದರೆ ನೇರವಾಗಿ ಲೈಬ್ರರಿಗೇ ಬರೆಯಿರಿ. ಪದವಿ ಮುಗಿದ ಮೇಲೆ ಎಂದು ಕಾಯಬೇಡಿ.