ನೇತ್ರಾಣಿಗೆ ಸಣ್ಣ ಟಾರ್ಚ್ ಒಯ್ಯೋರಿಗೆ

ನಮಸ್ಕಾರ್ರೀ. ಮುರುಡೇಶ್ವರದ ಹತ್ರ ಸಮುದ್ರದಾಗಿರೋ ನೇತ್ರಾಣಿ ದ್ವೀಪದ ಸ್ಕೂಬಾ ಡೈವ್‌ಗೆ 1000 ಲ್ಯೂಮೆನ್ (ಬೆಳಕಿನ ಅಳತೆ) ಟಾರ್ಚ್ ಸಾಕೋ, 3000 ಬೇಕೋ, ಕೈಗೆ ಹೆಂಗ ಕಟ್ಟಿಕೊಳ್ಳೋದು ಅಂತ ಕೇಳೀರಿ. ನಾನೂ ಕಲಬುರಗಿಯವನೇ. ಹಗಲಿಗೆ 1000 ಭಾಳಾತು. ಕೋರ್ಸ್ ಮಾಡದೇ ಒಂದ್ಸಲ ಇಳಿದು ಬರೋರಾದ್ರ ಟಾರ್ಚೇ ಬ್ಯಾಡ, ರೊಕ್ಕ ಉಳಿಸ್ರಿ.

ತೊಗೊಳ್ಳೋದೇ ಆದ್ರ ಲ್ಯೂಮೆನ್‌ಗಿಂತ ಬೆಳಕಿನ ಕೋನ ನೋಡ್ರಿ. ನೀರು ಮಬ್ಬಿದ್ದಾಗ ಅಗಲ ಬೆಳಕು ಬಿಟ್ರ ತೇಲೋ ಕಣಗಳೇ ಹೊಳೀತಾವ, ಮಂಜಿನ್ಯಾಗ ಹೈ ಬೀಮ್ ಹಾಕ್ದಂಗ. 10 ಡಿಗ್ರಿ ಆಸುಪಾಸಿನ ಬೆಳಕು ಛಲೋ. ಅಗಲ ಬೆಳಕು ವಿಡಿಯೋದವರಿಗೆ. ಐದಾರು ಮೀಟರ್ ಇಳಿಯೋದ್ರಾಗ ಕೆಂಪು ಬಣ್ಣ ನೀರಿನ್ಯಾಗ ಕರಗಿರ್ತದ. ಬಂಡೆ ಸಂದ್ಯಾಗ ಟಾರ್ಚ್ ಹಿಡಿದ್ರ ಬೂದಿ ಅನಿಸಿದ್ದು ಕೆಂಪಾಗಿ ಎದ್ದು ಬರ್ತದ, ಅದೇ ಮಜಾ.

18650 ಅನ್ನೋ ರೀಚಾರ್ಜ್ ಆಗೋ ಲಿಥಿಯಂ ಸೆಲ್ಲಿನದು ತೊಗೊಳ್ರಿ. ವಿಮಾನಕ್ಕ ಹೊಂಟ್ರ ಬಿಡಿ ಸೆಲ್ ಕೈಚೀಲದಾಗೇ ಇರಬೇಕು.

ಓ-ರಿಂಗ್ (ಮುಚ್ಚಳದಾಗ ನೀರು ತಡೆಯೋ ರಬ್ಬರ್ ಉಂಗುರ) ಮ್ಯಾಲ ಒಂದು ಕೂದಲು ಕುಂತ್ರೂ ನೀರು ಒಳಗ ಹೋಗ್ತದ. ನನ್ನ ಮೊದಲ ಟಾರ್ಚ್ ಹಂಗೇ ಹೋತು, ತಪ್ಪು ನಂದೇ. ಬಕೆಟ್‌ನ್ಯಾಗ ಮುಳುಗಿಸಿ ನೋಡಿದ್ದೆ, ಏನೂ ಆಗಿರಲಿಲ್ಲ. ಆದ್ರ 10 ಮೀಟರ್‌ಗೆ ಒತ್ತಡ ಮ್ಯಾಲಿನದರ ಎರಡು ಪಟ್ಟು ಆಗ್ತದಲ್ರೀ.

ಕಟ್ಟೋದಕ್ಕ: ಕಂಪನಿ ಕೊಟ್ಟ ಕೈಬಳ್ಳಿ ಜಾರ್ತದ. ಟಾರ್ಚಿನ ಹಿಂಬದಿಗೆ ನೈಲಾನ್ ದಾರ ಬಿಗಿದು ಬೋಲ್ಟ್ ಸ್ನ್ಯಾಪ್ (ಲೋಹದ ಕೊಕ್ಕೆ) ಹಾಕಿ ಡೈವಿಂಗ್ ಜಾಕೆಟ್ಟಿನ ಡಿ-ರಿಂಗಿಗೆ (ಡಿ ಆಕಾರದ ಬಳೆ) ಸಿಗಿಸ್ರಿ. ದಾರದ ಬದಲಿ ಕಬ್ಬಿಣದ ರಿಂಗಿನ್ಯಾಗ ಕಟ್ಟಬ್ಯಾಡ್ರಿ, ಎಲ್ಲರ ಸಿಕ್ಕೊಂಡ್ರ ದಾರಾನ ಕೊಯ್ಯಬಹುದು. ದಂಡೆಗೆ ಬಂದ ಮ್ಯಾಲ ಸಿಹಿನೀರಿನ್ಯಾಗ ತೊಳೀರಿ, ಒಣಗಿದ ಮ್ಯಾಲೇ ಮುಚ್ಚಳ ತಗೀರಿ.